ಕಲ್ಲಿಗೆ ನಯ ಬಂದ ಬಗೆ

ಹಾಸನದ ಸಮೀಪದ ಕೊರವಂಗಲದಲ್ಲಿ ಬೂಚೇಶ್ವರ ದೇವಾಲಯವಿದೆ. ಇಮ್ಮಡಿ ವೀರಬಲ್ಲಾಳನು ಪಟ್ಟವೇರಿದ 1173ರಲ್ಲಿ, ಆ ಸಂತೋಷದ ನೆನಪಿಗಾಗಿ, ಬೂಚಿ ಎಂಬ ಅಧಿಕಾರಿ ಕಟ್ಟಿಸಿದ ಗುಡಿ ಅದು. ಶಿವನ ಗರ್ಭಗೃಹಕ್ಕೆ ಎದುರಾಗಿ ಸೂರ್ಯನ ಗರ್ಭಗೃಹವಿರುವುದು ಅದರ ವಿಶೇಷ. ಬಿಸಿಲಿನಲ್ಲಿ ನಡೆದು ಬಂದವರು ಒಳಗಿನ ಕಂಬಗಳ ಮೇಲೆ ಒಮ್ಮೆ ಅಂಗೈ ಇಟ್ಟು ನೋಡಬೇಕು. ತಣ್ಣನೆಯ ಆ ನುಣುಪು ಎಂಟೂವರೆ ಶತಮಾನಗಳಷ್ಟು ಹಳೆಯದೆಂದು ಕೈ ಸುಲಭವಾಗಿ ಒಪ್ಪುವುದಿಲ್ಲ. ಈ ನಯ ಕಲ್ಲಿಗೆ ಹೇಗೆ ಬಂದಿತು ಎಂಬ ಪ್ರಶ್ನೆಯನ್ನು ನಾನು ಬಹುಕಾಲ ಪುಸ್ತಕಗಳಲ್ಲಿ ಹುಡುಕಿದೆ. ಉತ್ತರದ ಅರ್ಧಭಾಗ ನನಗೆ ದೊರೆತದ್ದು ಮಾತ್ರ ನಮ್ಮ ಮನೆಯ ಹಿಂದಿನ ಸೌದೆಮನೆಯಲ್ಲಿ.

ಹೊರದೇಶದಲ್ಲಿರುವ ನನ್ನ ಮಗ ಊರಿಗೆ ಬಂದಾಗ, ತನ್ನ ಮಗನ ಆಟಕ್ಕೆಂದು ಕಲ್ಲುಗಳಿಗೆ ಹೊಳಪು ಕೊಡುವ ಚಿಕ್ಕ ಯಂತ್ರವೊಂದನ್ನು ತಂದಿದ್ದ. ರಾಕ್ ಟಂಬ್ಲರ್ ಎಂದು ಅದರ ಹೆಸರು. ಎರಡು ಉರುಳುಗೋಲುಗಳ ಮೇಲೆ ಮಲಗಿದ ರಬ್ಬರಿನ ಡಬ್ಬಿ. ಅದನ್ನು ಹಗಲಿರುಳು ಮೆಲ್ಲನೆ ತಿರುಗಿಸುವ ಸಣ್ಣ ಮೋಟಾರು. ಡಬ್ಬಿಯೊಳಗೆ ಕಲ್ಲು, ನೀರು, ಒರಸುವ ಪುಡಿ. ನಾನು ಹಿಂದುಮುಂದು ನೋಡದೆ ಹೊಲದ ಬದುವಿನಿಂದ ಆಯ್ದ ಬೆಣಚುಕಲ್ಲುಗಳ ಜೊತೆಗೆ ಎರಡು ತುಂಡು ಬಳಪದ ಕಲ್ಲನ್ನೂ ಹಾಕಿದೆ. ಹೊಯ್ಸಳರ ಕಲ್ಲಲ್ಲವೇ, ಎಲ್ಲಕ್ಕಿಂತ ಮೊದಲು ಅದೇ ಹೊಳೆದೀತೆಂದು ನನ್ನ ಎಣಿಕೆ. ವಾರ ಕಳೆದು ಮುಚ್ಚಳ ತೆಗೆದಾಗ ಬೆಣಚುಕಲ್ಲುಗಳ ಮೂಲೆಗಳು ಸ್ವಲ್ಪ ದುಂಡಾಗಿದ್ದವು. ಬಳಪದ ಕಲ್ಲು ಇರಲೇ ಇಲ್ಲ. ಅದರ ಗುರುತಾಗಿ ಬೂದುಬಣ್ಣದ ಕೆಸರು ಮಾತ್ರ ತಳದಲ್ಲಿತ್ತು.

ಇದಕ್ಕೆ ಕಾರಣ ಕಷ್ಟದ್ದಲ್ಲ. ಜರ್ಮನಿಯ ಖನಿಜಶಾಸ್ತ್ರಜ್ಞ ಮೋಸ್ 1812ರಲ್ಲಿ ಕಲ್ಲುಗಳ ಗಡಸುತನವನ್ನು ಒಂದರಿಂದ ಹತ್ತರವರೆಗೆ ಅಳೆಯುವ ಕ್ರಮವನ್ನು ರೂಪಿಸಿದ. ಅದರಲ್ಲಿ ವಜ್ರಕ್ಕೆ ಹತ್ತನೆಯ ಸ್ಥಾನ, ಬೆಣಚುಕಲ್ಲಿಗೆ ಏಳನೆಯದು. ಬಳಪದ ಕಲ್ಲಿನಲ್ಲಿರುವ ಖನಿಜಗಳದು ಒಂದರಿಂದ ಎರಡೂವರೆಯ ಆಸುಪಾಸು. ಏಳರವನ ಮನೆಯಲ್ಲಿ ಎರಡರವನು ಒಂದು ವಾರ ಬಾಳಲಾರ. ಆದ್ದರಿಂದ ಈ ಹವ್ಯಾಸದ ಮೊದಲ ಪಾಠವೆಂದರೆ ಸಮಾನ ಗಡಸುತನದ ಕಲ್ಲುಗಳನ್ನು ಒಟ್ಟಿಗೆ ಹಾಕಬೇಕೆಂಬುದು. ಬೆಣಚು, ಅಗೇಟು, ಸೂರ್ಯಕಾಂತಶಿಲೆ ಇವು ಒಂದೇ ಪಂಕ್ತಿಯವು. ಬಿರುಕುಬಿಟ್ಟದ್ದನ್ನೂ ಪುಡಿಪುಡಿಯಾಗಿ ಉದುರುವುದನ್ನೂ ಮೊದಲೇ ಬೇರ್ಪಡಿಸಬೇಕು.

ಕಲ್ಲಿನಿಂದ ಕಲ್ಲನ್ನು ಉಜ್ಜುವ ವಿದ್ಯೆ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಬಳ್ಳಾರಿಯ ಬಳಿಯ ಸಂಗನಕಲ್ಲು ಮತ್ತು ಕಪ್ಪಗಲ್ಲಿನ ಬೆಟ್ಟಗಳಲ್ಲಿ ನವಶಿಲಾಯುಗದ ಜನರು ಕರಿಕಲ್ಲಿನ ಕೊಡಲಿಗಳನ್ನು ಉಜ್ಜಿ ನಯಮಾಡಿದ ತೋಡುಗಳು ಬಂಡೆಗಳ ಮೇಲೆ ಇಂದಿಗೂ ಕಾಣುತ್ತವೆ. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಲ್ಲಿ ಅಲ್ಲಿ ಕುಳಿತು ನೀರು ಚಿಮುಕಿಸಿಕೊಂಡು ಉಜ್ಜುತ್ತಿದ್ದವನಿಗೂ ನನ್ನ ಯಂತ್ರಕ್ಕೂ ಕೆಲಸ ಒಂದೇ. ಗುಜರಾತಿನ ಖಂಭಾತಿನಲ್ಲಿ ಅಗೇಟಿನ ಮಣಿಗಳನ್ನು ಕುರುಂದದ ಪುಡಿ ಮತ್ತು ನೀರಿನೊಡನೆ ಚರ್ಮದ ಚೀಲದಲ್ಲಿ ಕಟ್ಟಿ, ಇಬ್ಬರು ಎದುರುಬದುರು ಕುಳಿತು ದಿನಗಟ್ಟಲೆ ಅತ್ತಿತ್ತ ಉರುಳಿಸುತ್ತಿದ್ದರು. ಮುಂದೆ ಆ ಚೀಲದ ಕೆಲಸವನ್ನು ವಿದ್ಯುತ್ತಿನಿಂದ ತಿರುಗುವ ಪೀಪಾಯಿಗಳು ವಹಿಸಿಕೊಂಡವು. ನನ್ನ ಮಗ ಪರದೇಶದಿಂದ ತಂದದ್ದು ಆ ಚರ್ಮದ ಚೀಲದ ವಂಶದ ಕೂಸೇ ಎಂದು ತಿಳಿದಾಗ ನನಗೆ ನಗು ಬಂದಿತು.

ಪುಡಿಯ ಕಥೆಯೂ ಹಾಗೆಯೇ. ನಮ್ಮ ಸಾಣೆಯವರು ಕುರುಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಚಕ್ರ ಮಾಡುತ್ತಿದ್ದರು. ಇಂಗ್ಲಿಷಿನ ‘ಕೊರಂಡಮ್’ ಎಂಬ ಹೆಸರು ಭಾರತದ ಭಾಷೆಗಳಿಂದಲೇ ಹೋದದ್ದು; ಸಂಸ್ಕೃತದ ‘ಕುರುವಿಂದ’ ಅದರ ಬಂಧು. 1798ರಲ್ಲಿ ಚಾರ್ಲ್ಸ್ ಗ್ರೆವಿಲ್ ಎಂಬಾತ ಏಷ್ಯಾದ ಈ ಕಲ್ಲಿನ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ. ಸುಮಾರು 1891ರಲ್ಲಿ ಅಮೆರಿಕದ ಅಚೆಸನ್ ವಿದ್ಯುತ್ ಕುಲುಮೆಯಲ್ಲಿ ಅದಕ್ಕಿಂತಲೂ ಗಡುಸಾದ ವಸ್ತುವೊಂದನ್ನು ತಯಾರಿಸಿ ‘ಕಾರ್ಬೊರಂಡಮ್’ ಎಂದು ಕರೆದ. ಇಂದು ಟಂಬ್ಲರಿನಲ್ಲಿ ಒರಸುವ ಕೆಲಸಕ್ಕೆ ಬಳಸುವುದು ಅದನ್ನೇ.

ಇಂಥ ಯಂತ್ರವನ್ನು ಕೊಳ್ಳಬೇಕೆಂದಿರುವವರಿಗೆ ನನ್ನ ಅನುಭವದಿಂದ ಕೆಲವು ಮಾತು. ಉರುಳುವ ಯಂತ್ರ ಕಲ್ಲನ್ನು ಹೊಳೆಗಲ್ಲಿನಂತೆ ದುಂಡಾಗಿಸುತ್ತದೆ. ನಡುಗುವ ಯಂತ್ರವೆಂಬ ಇನ್ನೊಂದು ಬಗೆ ಬೇಗ ಹೊಳಪು ಕೊಟ್ಟು ಕಲ್ಲಿನ ಆಕಾರವನ್ನು ಬಹುಮಟ್ಟಿಗೆ ಉಳಿಸುತ್ತದೆ. ರಬ್ಬರಿನ ಡಬ್ಬಿಗೆ ಸದ್ದು ಕಡಿಮೆ. ಅಮೆರಿಕದ ಯಂತ್ರ 110 ವೋಲ್ಟಿನದು. ನಮ್ಮ ವಿದ್ಯುತ್ತು 230. ನಡುವೆ ಟ್ರಾನ್ಸ್‌ಫಾರ್ಮರು ಇಡಬೇಕು. ಇಟ್ಟರೂ ಅಲ್ಲಿಯ 60 ಆವರ್ತನಕ್ಕೆ ಇಲ್ಲಿ 50 ಇರುವುದರಿಂದ ಮೋಟಾರು ನಿಧಾನವಾಗುತ್ತದೆ, ಬಿಸಿಯೂ ಏರೀತು. ನಮ್ಮ ವಿದ್ಯುತ್ತಿಗೆ ಹೊಂದುವುದನ್ನೇ ಕೊಳ್ಳುವುದು ಜಾಣತನ.

ಡಬ್ಬಿಯ ಮೂರರಲ್ಲಿ ಎರಡು ಭಾಗ ಅಥವಾ ಸ್ವಲ್ಪ ಹೆಚ್ಚು ಕಲ್ಲು ತುಂಬಬೇಕು. ಕಡಿಮೆಯಾದರೆ ಕಲ್ಲುಗಳು ಬಿದ್ದು ಒಡೆಯುತ್ತವೆ. ಹೆಚ್ಚಾದರೆ ಉರುಳುವುದೇ ಇಲ್ಲ. ನೀರು ಮೇಲಿನ ಕಲ್ಲುಗಳಿಗಿಂತ ಸ್ವಲ್ಪ ಕೆಳಗೆ ನಿಂತರೆ ಸಾಕು. ಮೊದಲು ಒರಟು ಪುಡಿ, ಆಮೇಲೆ ನಡುತರದ್ದು, ಬಳಿಕ ಸಣ್ಣದು, ಕೊನೆಗೆ ಹೊಳಪಿನ ಪುಡಿ. ಒಂದೊಂದಕ್ಕೂ ಸುಮಾರು ಒಂದು ವಾರ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹೋಗುವಾಗ ಕಲ್ಲು, ಡಬ್ಬಿ, ಮುಚ್ಚಳದ ಅಂಚು ಎಲ್ಲವನ್ನೂ ತೊಳೆಯಬೇಕು. ಹಿಂದಿನ ಪುಡಿಯ ಒಂದು ಕಾಳು ಉಳಿದರೂ ತಿಂಗಳ ಶ್ರಮವನ್ನು ಗೀರಿಹಾಕುತ್ತದೆ. ಕೆಸರನ್ನು ಬಚ್ಚಲಿಗೆ ಚೆಲ್ಲಬಾರದು. ಅದು ಕೊಳವೆಯಲ್ಲಿ ಗಾರೆಯಂತೆ ಗಟ್ಟಿಯಾಗುತ್ತದೆ. ಬೇರಿಂಗಿಗೆ ಆಗಾಗ ಒಂದು ತೊಟ್ಟು ಎಣ್ಣೆ ಸಾಕು. ಅದು ರಬ್ಬರಿಗೂ ಬೆಲ್ಟಿಗೂ ತಾಗಿದರೆ ಡಬ್ಬಿ ಜಾರತೊಡಗುತ್ತದೆ. ಬೆಲ್ಟನ್ನು ಅತಿಯಾಗಿ ಬಿಗಿದರೆ ಮೋಟಾರು ದಣಿಯುತ್ತದೆ.

ಈಗ ಕೊರವಂಗಲದ ಕಂಬಕ್ಕೆ ಮರಳೋಣ. ಅದರ ಪೀಠ ಚೌಕ. ಮೇಲಿನ ಭಾಗ ಗಂಟೆಯಂತೆ, ಬಳೆಗಳಂತೆ, ಚೂಪು ಅಂಚಿನ ತಟ್ಟೆಗಳಂತೆ ದುಂಡು. ಇಂಥ ಕಂಬಗಳ ಮೇಲೆ ಸುತ್ತಲೂ ಹರಿದಿರುವ ಸಣ್ಣ ಗೆರೆಗಳನ್ನು ಕಂಡು, ಅವನ್ನು ತಿರುಗಿಸುತ್ತ ಕಡೆದಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. ಕಂಬವನ್ನು ನಿಲ್ಲಿಸಿ ತಿರುಗಿಸಿದರೋ ಮಲಗಿಸಿ ತಿರುಗಿಸಿದರೋ ಎಂಬ ವಿಷಯದಲ್ಲಿ ಅಭಿಪ್ರಾಯಭೇದವಿದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿಯೇ ಬೆಳೆದಿದ್ದ ಈ ಕಲೆಯನ್ನು ಹೊಯ್ಸಳರ ರೂವಾರಿಗಳು ಇನ್ನೂ ಮುಂದಕ್ಕೆ ಒಯ್ದರು. ನನ್ನ ಡಬ್ಬಿಯಲ್ಲಿ ವಾರದೊಳಗೆ ಕರಗಿಹೋದ ಕಲ್ಲು ಅವರ ಕೈಯಲ್ಲಿ ಕನ್ನಡಿಯಾಯಿತು. ಯಂತ್ರಕ್ಕೆ ಕಣ್ಣಿಲ್ಲ, ಕಲ್ಲು ಮುಗಿಯುವವರೆಗೂ ಅದು ಉಜ್ಜುತ್ತದೆ. ಕಡೆಯುವವನ ಬೆರಳಿಗೆ ಎಲ್ಲಿ ನಿಲ್ಲಬೇಕೆಂಬುದು ತಿಳಿದಿತ್ತು. ನಾನು ಪುಸ್ತಕಗಳಲ್ಲಿ ಕಾಣದಿದ್ದ ಉತ್ತರದ ಅರ್ಧಭಾಗ ಇದೇ.

ಉಳಿದರ್ಧವನ್ನು ನನ್ನ ಮೊಮ್ಮಗ ಕಲಿಸಿದ. ಒಂದು ಸಂಜೆ ನಾವಿಬ್ಬರೂ ಕೊರವಂಗಲದಿಂದ ಹಿಂದಿರುಗಿದಾಗ ಅವನು ಜೇಬಿನಿಂದ ಒಂದು ತುಂಡು ಕಲ್ಲನ್ನು ತೆಗೆದ. ಊರಿನಲ್ಲಿ ಪಾಳುಬಿದ್ದಿರುವ ಗೋವಿಂದೇಶ್ವರ, ನಾಕೇಶ್ವರ ಗುಡಿಗಳ ಕಡೆ ಅಡ್ಡಾಡುವಾಗ ಆಯ್ದುಕೊಂಡದ್ದು. “ತಾತ, ಇದು ಮಂಕಾಗಿದೆ. ಇದನ್ನೂ ಹಾಕೋಣ, ಹೊಳೆಯುತ್ತೆ” ಎಂದ. ದೀಪದ ಬೆಳಕಿಗೆ ಹಿಡಿದೆ. ಒಂದು ಅಂಚಿನಲ್ಲಿ ಸಾಲಾಗಿ ನಾಲ್ಕು ಮಣಿಗಳು; ಐದನೆಯದು ಅರ್ಧ ಮುರಿದಿತ್ತು. ಯಾವನೋ ಒಬ್ಬ ರೂವಾರಿ ತನ್ನ ಉಳಿಯ ತುದಿಯಿಂದ ಎಣಿಸಿ ಎಣಿಸಿ ಬಿಡಿಸಿದ ಮಣಿಗಳು ಅವು. ನನ್ನ ಎದೆ ಒಂದು ಕ್ಷಣ ನಿಂತಂತಾಯಿತು. ನಾನು ಕೇಳದೆ ಇದ್ದಿದ್ದರೆ, ಅವನು ತೋರಿಸದೆ ಹಾಕಿದ್ದರೆ, ಬೆಳಗಾಗುವಷ್ಟರಲ್ಲಿ ಆ ಮಣಿಗಳು ಕೆಸರಾಗಿರುತ್ತಿದ್ದವು.

ಮಗುವನ್ನು ಗದರಿಸಲಿಲ್ಲ, ಕಲ್ಲು ಸಿಕ್ಕಿದಲ್ಲೆಲ್ಲ ಆಯ್ದುಕೊಳ್ಳುವುದನ್ನು ಕಲಿಸಿದವನು ನಾನೇ. ಮರುದಿನ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿ ಹೋದೆವು. ಅವನು ತಾನು ಎತ್ತಿಕೊಂಡ ಜಾಗವನ್ನು ನೆನಪಿಟ್ಟುಕೊಂಡಿದ್ದ. ಪುರಾತನ ಅವಶೇಷಗಳಿಗೆ ಕಾಯಿದೆಯ ರಕ್ಷಣೆಯಿದೆ ಎಂಬುದನ್ನು ಹೇಳಿದೆ. ಆದರೆ ಅವನಿಗೆ ನಾಟಿದ್ದು ಬೇರೆ ಮಾತು. “ಇದಕ್ಕೆ ಆಗಲೇ ಒಬ್ಬರು ಹೊಳಪು ಕೊಟ್ಟಿದ್ದಾರೆ, ಮರಿ. ಅದರ ಮೇಲೆ ನಾವು ಕೈಮಾಡಬಾರದು” ಎಂದೆ. ಅವನು ತುಂಡನ್ನು ಮಣಿಗಳು ಮೇಲಾಗುವಂತೆ ಇಟ್ಟು, ಅಂಗಿಯ ತುದಿಯಿಂದ ಒಮ್ಮೆ ಧೂಳು ಒರಸಿದ.

ಅದಾದ ಮೇಲೆ ನಮ್ಮ ಡಬ್ಬಿಯಲ್ಲಿ ಉರುಳುತ್ತಿರುವುದು ಹೊಲದ ಬೆಣಚುಕಲ್ಲು ಮಾತ್ರ.