ತಗರದ ಬಟ್ಟೆ, ಗ್ರೀಕರ ಹಡಗು

ಸೊಲ್ಲಾಪುರ–ಅಕ್ಕಲಕೋಟೆ ನಡುವಿನ ವಳಸಂಗದಿಂದ ಉತ್ತರಕ್ಕೆ, ನೇರ ಗೆರೆಯಲ್ಲಿ ಸುಮಾರು 80 ಕಿ.ಮೀ. ದೂರದಲ್ಲಿ, ತೇರಣಾ ನದಿಯ ದಂಡೆಗೆ ತೇರ ಎಂಬ ಊರಿದೆ. ಸಂತ ಗೋರಾ ಕುಂಬಾರರ ಊರೆಂದು ಇದನ್ನು ಇಂದು ಎಲ್ಲರೂ ಬಲ್ಲರು. ಎರಡು ಸಾವಿರ ವರ್ಷಗಳ ಹಿಂದೆ, ಶಾತವಾಹನರ ಕಾಲದಲ್ಲಿ, ಇದು ತಗರ ಎಂಬ ದೊಡ್ಡ ಪೇಟೆಯಾಗಿತ್ತು. ಈಜಿಪ್ಟಿನ ಗ್ರೀಕ್ ವರ್ತಕರಿಗೂ ಇದರ ಹೆಸರು ಗೊತ್ತಿತ್ತು.

ಗ್ರೀಕರಿಗೆ ಭಾರತದ ಕಡಲದಾರಿ ತೆರೆದದ್ದು ಮುಂಗಾರು ಗಾಳಿ. ನಡುಗಡಲನ್ನು ನೇರವಾಗಿ ದಾಟುವ ಮಾರ್ಗ ಕಂಡವನೆಂದು ಅವರ ಗ್ರಂಥಗಳು ಹಿಪ್ಪಾಲಸ್ ಎಂಬ ನಾವಿಕನನ್ನು ಹೆಸರಿಸುತ್ತವೆ. ಆದರೆ ಕ್ರಿ.ಪೂ. 2ನೇ ಶತಮಾನದ ಕೊನೆಗೆ ಯೂಡಾಕ್ಸಸ್ ಎಂಬುವನಿಗೆ ಭಾರತದ ದಾರಿ ತೋರಿಸಿದವನು ಒಬ್ಬ ಭಾರತೀಯ ನಾವಿಕ ಎಂಬ ವೃತ್ತಾಂತವನ್ನು ಗ್ರೀಕ್ ಭೂಗೋಳಕಾರ ಸ್ಟ್ರಾಬೋ ದಾಖಲಿಸಿದ್ದಾನೆ. ಸ್ಟ್ರಾಬೋನ ಕಾಲಕ್ಕೆ ಕೆಂಪು ಸಮುದ್ರದ ಒಂದೇ ಬಂದರಿನಿಂದ 120 ಹಡಗುಗಳು ಭಾರತದತ್ತ ಹೊರಡುತ್ತಿದ್ದವು.

ಕ್ರಿ.ಶ. 1ನೇ ಶತಮಾನದ ನಡುವೆ ಗ್ರೀಕ್ ಭಾಷೆಯಲ್ಲಿ ಬರೆದ ‘ಪೆರಿಪ್ಲಸ್’ ಈ ವ್ಯಾಪಾರದ ಕೈಪಿಡಿ. ಬರೆದವನ ಹೆಸರು ಉಳಿದಿಲ್ಲ. ಭರೂಚ್ ಬಳಿ ನರ್ಮದೆಯ ಅಳಿವೆಯಲ್ಲಿ ಉಬ್ಬರವಿಳಿತದ ಸೆಳೆತ ಜೋರು. ಅಲ್ಲಿ ರಾಜನ ಸೇವೆಯ ಬೆಸ್ತರು ಉದ್ದನೆಯ ದೋಣಿಗಳಲ್ಲಿ ಎದುರುಹೋಗಿ ಪರದೇಶಿ ಹಡಗುಗಳನ್ನು ಒಳಗೆ ಎಳೆದು ತರುತ್ತಿದ್ದರೆಂದು ಅದು ವಿವರಿಸುತ್ತದೆ. ಭರೂಚ್‌ನಿಂದ ತೆಂಕಣಕ್ಕೆ 20 ದಿನದ ಹಾದಿ ಪೈಠಣ. ಅಲ್ಲಿಂದ 10 ದಿನದ ಹಾದಿ ತಗರ. ಸರಿಯಾದ ದಾರಿಯೇ ಇಲ್ಲದ ಸೀಮೆಯಲ್ಲಿ ಬಂಡಿಗಳು ತಗರದ ಸಾದಾ ಬಟ್ಟೆ ಹಾಗೂ ತರತರದ ಮಲ್‌ಮಲ್ ಹೇರಿಕೊಂಡು ಭರೂಚ್‌ಗೆ ಹೋಗುತ್ತಿದ್ದವು. ಹಡಗುಗಳು ಆ ಬಂದರಿಗೆ ದ್ರಾಕ್ಷಾರಸ, ತಾಮ್ರ, ತವರ, ಹವಳ, ಬೆಳ್ಳಿ–ಬಂಗಾರದ ನಾಣ್ಯ ತರುತ್ತಿದ್ದವು.

ಸುಮಾರು ಕ್ರಿ.ಶ. 150ರಲ್ಲಿ ಅಲೆಕ್ಸಾಂಡ್ರಿಯದ ಟಾಲೆಮಿ ಊರುಗಳನ್ನು ಅಕ್ಷಾಂಶ–ರೇಖಾಂಶಗಳಲ್ಲಿ ಗುರುತಿಸಿ ಭೂಗೋಳ ರಚಿಸಿದ. ಅದರಲ್ಲಿ ತಗರವಿದೆ, ಬನವಾಸಿಯೂ ಇದೆ. ‘ಇಂಡೆ’ ಎಂಬ ಊರನ್ನು ವಿದ್ವಾಂಸರು ವಳಸಂಗದ ತೆಂಕಣಕ್ಕೆ ಸುಮಾರು 50 ಕಿ.ಮೀ. ದೂರದ ಇಂಡಿಯೊಂದಿಗೆ ಗುರುತಿಸಿದ್ದಾರೆ. ವರ್ತಕರು ಮತ್ತು ನಾವಿಕರು ಹೇಳಿದ್ದನ್ನು ಗಣಿತದಲ್ಲಿ ಕೂಡಿಸುವುದು ಟಾಲೆಮಿಯ ವಿಧಾನ. ಹಾಗಾಗಿ ಊರುಗಳ ಹೆಸರು ನಿಜವಾದರೂ ದಕ್ಷಿಣ ಭಾರತದ ಆಕಾರ ತಪ್ಪಿತು. ಅವನ ನಕ್ಷೆಯಲ್ಲಿ ಪರ್ಯಾಯ ದ್ವೀಪ ಚಪ್ಪಟೆಯಾಗಿದೆ.

ತಗರ ಯಾವುದೆಂಬ ಚರ್ಚೆ ಬಹುಕಾಲ ನಡೆಯಿತು. ಕನ್ನಡ ಶಾಸನಗಳ ಅಭ್ಯಾಸಿ ಜೆ.ಎಫ್. ಫ್ಲೀಟ್ 1901ರಲ್ಲಿ ಅದು ತೇರವೇ ಎಂದು ತೋರಿಸಿಕೊಟ್ಟರು. ಶಿಲಾಹಾರ ಅರಸರು ಶಾಸನಗಳಲ್ಲಿ ‘ತಗರಪುರವರಾಧೀಶ್ವರ’ ಎಂದು ಕರೆಸಿಕೊಂಡು ಈ ಹೆಸರನ್ನು ಉಳಿಸಿದ್ದರು. ತೇರದ ತ್ರಿವಿಕ್ರಮ ದೇವಾಲಯದಲ್ಲಿ ಇಟ್ಟಿಗೆಯ ಹಳೆಯ ಚೈತ್ಯಗೃಹ ಇಂದಿಗೂ ನಿಂತಿದೆ. ತೇರದಲ್ಲಿ ಸಿಕ್ಕ ದಂತದ ಸ್ತ್ರೀಮೂರ್ತಿಗೂ, ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಇಟಲಿಯ ಪಾಂಪೆಯಲ್ಲಿ ಸಿಕ್ಕ ಭಾರತೀಯ ದಂತಮೂರ್ತಿಗೂ ಸ್ಪಷ್ಟ ಹೋಲಿಕೆಯಿದೆ.

ಗ್ರೀಕರ ಭೂಗೋಳಜ್ಞಾನ ಅವರೊಬ್ಬರದೇ ಗಳಿಕೆಯಲ್ಲ. ಭರೂಚ್‌ನ ಬೆಸ್ತರು, ತಗರದ ನೇಕಾರರು, ದಖ್ಖನದ ಬಂಡಿ ಹೊಡೆಯುವವರು ಅದರಲ್ಲಿ ಪಾಲುದಾರರು. ತೇರದ ರಾಮಲಿಂಗಪ್ಪ ಲಾಮತುರೆ ವಸ್ತುಸಂಗ್ರಹಾಲಯದಲ್ಲಿ ಆ ಕಾಲದ ವಸ್ತುಗಳಿವೆ. ಈ ಸೀಮೆಯ ಶಾಲಾ ಮಕ್ಕಳು ಅವನ್ನು ನೋಡಲೇಬೇಕು.