ವಿಶ್ರಾಂತಿಯಿಂದ ವ್ಯಾಯಾಮಕ್ಕೆ: ಪಾರ್ಕಿನ್ಸನ್ ಚಿಕಿತ್ಸೆಯ ಇನ್ನೂರು ವರ್ಷ

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ನಡುಕದ ಕಾಯಿಲೆಯ ಕುರಿತು 1817ರಲ್ಲಿ ಪ್ರಕಟಿಸಿದ ಕಿರುಹೊತ್ತಿಗೆಯಲ್ಲಿ ಆರು ರೋಗಿಗಳ ವಿವರವಿದೆ. ಅವರಲ್ಲಿ ಕೆಲವರನ್ನು ಅವರು ಬೀದಿಯಲ್ಲಿ ಕಂಡು ಗಮನಿಸಿದ್ದರು. ಅದೇ ಪುಸ್ತಕದಲ್ಲಿ ತಾನಾಗಿ ನಡಿಗೆ ಶುರುಮಾಡಲಾಗದ ಒಬ್ಬ ಗೃಹಸ್ಥನ ಪ್ರಸ್ತಾಪವೂ ಬರುತ್ತದೆ. ಸೇವಕನೊಬ್ಬ ಎದುರು ನಿಂತು ಅವನ ಎರಡೂ ಹೆಗಲ ಮೇಲೆ ಕೈಯಿಡುತ್ತಿದ್ದ. ರೋಗಿ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ತೂಗಿ, ಸಮತೋಲ ಸಿಕ್ಕಿದೊಡನೆ ಸೂಚನೆ ಕೊಟ್ಟು, ಸುಮಾರು 20 ಹೆಜ್ಜೆ ಓಡುತ್ತಿದ್ದ. ಸೇವಕ ಪಕ್ಕಕ್ಕೆ ಸರಿದು, ಮುಂದೆ ಓಡಿ, ಅವನು ಬೀಳದಂತೆ ಹಿಡಿಯುತ್ತಿದ್ದ. ನಡಿಗೆಯ ಶಕ್ತಿ ಸತ್ತಿಲ್ಲ, ಅದನ್ನು ಹೊರಡಿಸುವ ದಾರಿ ಬೇಕಷ್ಟೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿರಲಿಲ್ಲ. ಆದರೆ ಪಾರ್ಕಿನ್ಸನ್ ಸೂಚಿಸಿದ ಚಿಕಿತ್ಸೆಯೆಂದರೆ ಕುತ್ತಿಗೆಯ ಬಳಿ ರಕ್ತ ತೆಗೆಯುವುದು, ಚರ್ಮದ ಮೇಲೆ ಬೊಬ್ಬೆ ಎಬ್ಬಿಸುವುದು. ಮುಂದಿನ ಇನ್ನೂರು ವರ್ಷಗಳ ಚರಿತ್ರೆಯಲ್ಲಿ ಇದೇ ಮತ್ತೆ ಮತ್ತೆ ನಡೆದಿದೆ. ಚಲನೆಯೇ ಮದ್ದಾಗಬಹುದೆಂಬ ಸುಳಿವು ಕಣ್ಣೆದುರೇ ಇದ್ದರೂ ವೈದ್ಯರು ಅದನ್ನು ಕೌತುಕವೆಂದು ಬರೆದಿಟ್ಟು ಮುಂದೆ ಸಾಗಿದರು. ಏಕೆಂದರೆ ಆಯಾ ಕಾಲದ ವೈದ್ಯಕದಲ್ಲಿ ರೋಗಿಯೆಂದರೆ ಚಿಕಿತ್ಸೆಯನ್ನು ಪಡೆಯುವವನು. ತನ್ನ ಚಿಕಿತ್ಸೆಯನ್ನು ತಾನೇ ಮಾಡಿಕೊಳ್ಳುವವನಲ್ಲ.

ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಜ್ಯಾಂ-ಮಾರ್ಟಿನ್ ಶಾರ್ಕೊ ಈ ಕಾಯಿಲೆಗೆ ಪಾರ್ಕಿನ್ಸನ್ ಹೆಸರನ್ನಿಟ್ಟವರು. ರೋಗಿಯ ನಿಧಾನಗತಿಗೂ ಸ್ನಾಯುಗಳ ಬಲಹೀನತೆಗೂ ವ್ಯತ್ಯಾಸವಿದೆಯೆಂದು ತೋರಿಸಿಕೊಟ್ಟವರೂ ಅವರೇ. ರೈಲಿನಲ್ಲೋ ಕುದುರೆಗಾಡಿಯಲ್ಲೋ ದೂರ ಪ್ರಯಾಣ ಮಾಡಿ ಬಂದ ರೋಗಿಗಳು ತಮಗೆ ಹಗುರವೆನಿಸಿತೆಂದು ಹೇಳುವುದನ್ನು ಅವರು ಗಮನಿಸಿದರು. ಅದರಿಂದ ಹುಟ್ಟಿದ್ದು ಅಲುಗುವ ಕುರ್ಚಿ. 1892ರಲ್ಲಿ ಅವರು ಅದರ ಬಗ್ಗೆ ಉಪನ್ಯಾಸವನ್ನೂ ಕೊಟ್ಟರು. ಆ ಚಿಕಿತ್ಸೆಯಲ್ಲಿ ಚಲಿಸುತ್ತಿದ್ದದ್ದು ಕುರ್ಚಿ. ರೋಗಿ ಸುಮ್ಮನೆ ಕುಳಿತಿರುತ್ತಿದ್ದ. ಅದೇ ಕಾಲದಲ್ಲಿ ಲಂಡನ್ನಿನ ವಿಲಿಯಂ ಗೋವರ್ಸ್ ತಮ್ಮ ಹೆಸರಾಂತ ನರರೋಗ ಕೈಪಿಡಿಯಲ್ಲಿ, ರೋಗಿ ಕೆಲಸದಿಂದಲೂ ಚಿಂತೆಯಿಂದಲೂ ಬಿಡುಗಡೆ ಪಡೆದು ಶಾಂತವಾಗಿ ಬದುಕಬೇಕೆಂದು ಬರೆದರು. ಪರಿಣಾಮಕಾರಿ ಔಷಧವೇ ಇಲ್ಲದ ಕಾಲದಲ್ಲಿ, ಬಿದ್ದು ಮೂಳೆ ಮುರಿದರೆ ಜೀವಕ್ಕೇ ಅಪಾಯವಿದ್ದಾಗ, ಇಂಥ ಸಲಹೆ ವಿವೇಕದ್ದೇ ಅಲ್ಲವೇ ಎಂದು ಕೇಳಬಹುದು. ಆ ಭಯಕ್ಕೆ ಆಧಾರವಿತ್ತು, ನಿಜ. ಆದರೆ ಕುಳಿತೇ ಇದ್ದರೆ ಕಾಲಿನ ಬಲ ಕುಗ್ಗುತ್ತದೆ, ಕೀಲುಗಳು ಬಿಗಿಯುತ್ತವೆ, ಎದ್ದ ದಿನ ಬೀಳುವ ಸಂಭವ ಇನ್ನೂ ಹೆಚ್ಚುತ್ತದೆ. ಬೀಳಬಾರದೆಂದು ಹೇಳಿದ ವಿಶ್ರಾಂತಿಯೇ ಬೀಳುವುದಕ್ಕೆ ದಾರಿ ಮಾಡುತ್ತಿತ್ತು.

ಇಪ್ಪತ್ತನೆಯ ಶತಮಾನದ ನಡುವೆ ಕಾಯಿಲೆಯ ಗುಟ್ಟು ಬಯಲಾಯಿತು. ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ರೋಗಿಗಳ ಮೆದುಳಿನಲ್ಲಿ ತೀರಾ ಕಡಿಮೆಯಿರುವುದು 1960ರಲ್ಲಿ ತಿಳಿಯಿತು. 1967ರಲ್ಲಿ ಜಾರ್ಜ್ ಕೊಟ್ಜಿಯಾಸ್ ಮೆದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಡೋಪಾವನ್ನು ಹೆಚ್ಚಿನ ಪ್ರಮಾಣದಲ್ಲಿ ಬಾಯಿಯ ಮೂಲಕ ಕೊಟ್ಟು ಫಲ ಕಂಡರು. ಹಾಸಿಗೆ ಹಿಡಿದವರು ಎದ್ದು ನಡೆದ ಆ ಬೆರಗಿನಲ್ಲಿ ಎಲ್ಲರ ಗಮನ ಮಾತ್ರೆಯ ಕಡೆ ಹೋದದ್ದು ಸಹಜ. ಅದೇ 1967ರಲ್ಲಿ ಬ್ರಿಟನ್ನಿನ ಜೇಮ್ಸ್ ಪರ್ಡನ್ ಮಾರ್ಟಿನ್ ಬರೆದ ಪುಸ್ತಕಕ್ಕೆ ಅಷ್ಟು ಸದ್ದು ಬರಲಿಲ್ಲ. ಮೆದುಳಿನ ಉರಿಯೂತದ ನಂತರ ಪಾರ್ಕಿನ್ಸನ್ ಲಕ್ಷಣಗಳು ಬಂದಿದ್ದ ರೋಗಿಗಳನ್ನು ಅವರು ವರ್ಷಗಟ್ಟಲೆ ಗಮನಿಸಿದ್ದರು. ಹೆಜ್ಜೆ ನೆಲಕ್ಕೆ ಅಂಟಿದಂತೆ ನಿಂತುಬಿಡುವವರ ಮುಂದೆ ಅಡ್ಡಗೆರೆಗಳನ್ನು ಎಳೆದರೆ, ಅವರು ಗೆರೆ ದಾಟುತ್ತಾ ನಡೆಯುತ್ತಿದ್ದರು. ಅಭ್ಯಾಸಬಲದಿಂದ ತಾನಾಗಿ ಸಾಗುವ ಚಲನೆ ಈ ಕಾಯಿಲೆಯಲ್ಲಿ ಕೆಡುತ್ತದೆ. ಕಣ್ಣಿಗೆ ಗುರಿ ಸಿಕ್ಕರೆ, ಕಿವಿಗೆ ಲಯ ಸಿಕ್ಕರೆ, ಮೆದುಳು ಬೇರೆ ಹಾದಿಯಿಂದ ಅದೇ ಕೆಲಸ ಮಾಡಿಸಬಲ್ಲದು. ಮೈಕೆಲ್ ಥಾಟ್ ಮತ್ತು ಸಂಗಡಿಗರು 1996ರಲ್ಲಿ ತಾಳಕ್ಕೆ ಹೆಜ್ಜೆ ಹಾಕುವ ತರಬೇತಿಯಿಂದ ನಡಿಗೆ ಸುಧಾರಿಸುವುದನ್ನು ವರದಿ ಮಾಡಿದರು. ನಡೆಯಲು ತೀರಾ ಕಷ್ಟಪಡುತ್ತಿದ್ದರೂ ಸೈಕಲ್ಲನ್ನು ಸಲೀಸಾಗಿ ತುಳಿಯುತ್ತಿದ್ದ 58 ವರ್ಷದ ವ್ಯಕ್ತಿಯೊಬ್ಬರ ದೃಶ್ಯವನ್ನು ನೆದರ್ಲೆಂಡ್ಸಿನ ಬಾಸ್ ಬ್ಲೂಮ್ 2010ರಲ್ಲಿ ವೈದ್ಯಲೋಕದ ಮುಂದಿಟ್ಟರು.

ಕೌತುಕ ಚಿಕಿತ್ಸೆಯಾಗಬೇಕಾದರೆ ಔಷಧಕ್ಕೆ ಬಳಸುವ ಅಳತೆಗೋಲೇ ವ್ಯಾಯಾಮಕ್ಕೂ ಬೇಕಿತ್ತು. ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇನ್ನೂ ಔಷಧ ಆರಂಭಿಸದ 128 ರೋಗಿಗಳನ್ನು ಮೂರು ಗುಂಪು ಮಾಡಿತು. ಒಂದು ಗುಂಪು ಗರಿಷ್ಠ ಹೃದಯಬಡಿತದ ಶೇಕಡಾ 80ರಿಂದ 85 ಮುಟ್ಟುವಷ್ಟು ಬಿರುಸಾಗಿ ಟ್ರೆಡ್‌ಮಿಲ್ ಮೇಲೆ ನಡೆಯಬೇಕಿತ್ತು, ಇನ್ನೊಂದು ಶೇಕಡಾ 60ರಿಂದ 65ರಷ್ಟು. ಮೂರನೆಯದಕ್ಕೆ ಎಂದಿನ ಆರೈಕೆ. ಆರು ತಿಂಗಳಲ್ಲಿ ಮೂರನೆಯ ಗುಂಪಿನ ಚಲನೆಯ ಅಂಕ ಸರಾಸರಿ 3ರಷ್ಟು ಹದಗೆಟ್ಟಿತು. ಬಿರುಸಾಗಿ ನಡೆದವರದು ಬಹುತೇಕ ಇದ್ದಲ್ಲೇ ನಿಂತಿತು. ನಡುವಿನ ಗುಂಪಿನಲ್ಲಿ ಅಷ್ಟು ಸ್ಪಷ್ಟ ಲಾಭ ಕಾಣಲಿಲ್ಲ. ಅಂದರೆ ‘ಸ್ವಲ್ಪ ಓಡಾಡಿಕೊಂಡಿರಿ’ ಎಂಬ ಮಾತು ಸಾಲದು, ವ್ಯಾಯಾಮಕ್ಕೂ ಪ್ರಮಾಣವಿದೆ.

ಇದಕ್ಕೆ ಗಂಭೀರವಾದ ಆಕ್ಷೇಪವಿದೆ. ಶಾರ್ಕೊ ಕುರ್ಚಿಯ ಮಾದರಿಯನ್ನು ಷಿಕಾಗೊದ ಸಂಶೋಧಕರು 2012ರಲ್ಲಿ ಪರೀಕ್ಷಿಸಿದಾಗ, ಅಲುಗಿದ ಕುರ್ಚಿಯಲ್ಲಿ ಕುಳಿತವರಿಗೂ ಅಲುಗದ ಕುರ್ಚಿಯಲ್ಲಿ ಕುಳಿತವರಿಗೂ ಒಂದೇ ರೀತಿ ಸುಧಾರಣೆ ಕಂಡಿತು. ಹಾಗಾದರೆ ವ್ಯಾಯಾಮದ ಫಲವೂ ಬರಿಯ ನಂಬಿಕೆಯ ಫಲವಾಗಿರಬಹುದಲ್ಲ? ಸಕ್ಕರೆ ಮಾತ್ರೆ ಕೊಟ್ಟಂತೆ ಸುಳ್ಳು ವ್ಯಾಯಾಮ ಕೊಡಲು ಬರುವುದಿಲ್ಲ, ನಿಜ. ಆದರೆ ಒಂದು ವ್ಯಾಯಾಮವನ್ನು ಇನ್ನೊಂದರ ಜೊತೆ ಹೋಲಿಸಲು ಬರುತ್ತದೆ. ಡಚ್ ಸಂಶೋಧಕರು 2019ರಲ್ಲಿ ಹಾಗೆಯೇ ಮಾಡಿದರು. ಒಂದು ಗುಂಪು ಮನೆಯಲ್ಲೇ ವ್ಯಾಯಾಮದ ಸೈಕಲ್ ತುಳಿಯಿತು, ಇನ್ನೊಂದು ಮೈ ಚಾಚುವ ಸರಳ ವ್ಯಾಯಾಮ ಮಾಡಿತು. ಅಳೆದವರಿಗೆ ಯಾರು ಯಾವ ಗುಂಪಿನವರೆಂದು ಗೊತ್ತಿರಲಿಲ್ಲ. ಸೈಕಲ್ ತುಳಿದವರೇ ಮುಂದಿದ್ದರು. ಬೀಳುವ ಭಯಕ್ಕೂ ಉತ್ತರವಿದೆ: 195 ರೋಗಿಗಳ 2012ರ ಅಧ್ಯಯನದಲ್ಲಿ ಚೀನಾದ ತಾಯ್ ಚಿ ಕಲಿತವರು ಮೈ ಚಾಚುವ ಗುಂಪಿನವರಿಗಿಂತ ಕಡಿಮೆ ಬಿದ್ದರು. ಇಷ್ಟಾದರೂ ವ್ಯಾಯಾಮ ಕಾಯಿಲೆಯನ್ನು ಗುಣಪಡಿಸುತ್ತದೆ ಎನ್ನಲಾಗದು. ನರಕೋಶಗಳ ನಾಶವನ್ನು ತಡೆಯುತ್ತದೆಂದು ಇನ್ನೂ ಸಾಬೀತಾಗಿಲ್ಲ. ಮಾತ್ರೆ ಬಿಟ್ಟು ನಡೆಯಿರಿ ಎನ್ನುವುದು ಅಪಾಯದ ಮಾತು. ಎಷ್ಟೋ ಜನರಿಗೆ ವ್ಯಾಯಾಮ ಮಾಡುವ ಶಕ್ತಿ ಬರುವುದೇ ಮಾತ್ರೆ ಕೆಲಸ ಮಾಡುವ ಹೊತ್ತಿನಲ್ಲಿ.

ಈ ಚರಿತ್ರೆಯ ಬಹುಮುಖ್ಯ ಪಾಠ 1994ರ ಒಂದು ಸಣ್ಣ ಅಧ್ಯಯನದಲ್ಲಿದೆ. ಸಿಂತಿಯಾ ಕೊಮೆಲ್ಲಾ ಮತ್ತು ಸಂಗಡಿಗರು ರೋಗಿಗಳಿಗೆ ನಾಲ್ಕು ವಾರ, ವಾರಕ್ಕೆ ಮೂರು ದಿನ ತರಬೇತಿ ಕೊಟ್ಟರು. ಚಲನೆ ಸುಧಾರಿಸಿತು. ತರಬೇತಿ ಮುಗಿಸಿ ಮನೆಗೆ ಹೋದವರು ಅಭ್ಯಾಸ ಮುಂದುವರಿಸಲಿಲ್ಲ. ಆರು ತಿಂಗಳಲ್ಲಿ ಎಲ್ಲವೂ ಮೊದಲಿನ ಸ್ಥಿತಿಗೆ ಮರಳಿತು. ಇದನ್ನು ವ್ಯಾಯಾಮದ ಸೋಲೆಂದು ಓದುವುದು ತಪ್ಪು. ಮಾತ್ರೆ ನಿಲ್ಲಿಸಿದರೂ ಹೀಗೆಯೇ ಆಗುತ್ತದೆ. ರೋಗಿಯ ಸೋಮಾರಿತನವೆನ್ನುವುದಂತೂ ಕ್ರೌರ್ಯ, ಏಕೆಂದರೆ ಉತ್ಸಾಹ ಕುಂದುವುದೂ ಈ ಕಾಯಿಲೆಯ ಲಕ್ಷಣವೇ. ಬ್ರೂಕ್ಲಿನ್‌ನಲ್ಲಿ 2001ರಲ್ಲಿ ಆರಂಭವಾದ ನೃತ್ಯ ತರಗತಿಗಳೂ ಪಾರ್ಕಿನ್ಸನ್ ತಿಳಿದ ಫಿಸಿಯೋಥೆರಪಿಸ್ಟರನ್ನು ಒಂದು ಜಾಲಕ್ಕೆ ತಂದ 2004ರ ಡಚ್ ವ್ಯವಸ್ಥೆಯೂ ಬಾಳಿದ್ದು ಅಭ್ಯಾಸವನ್ನು ಒಬ್ಬೊಬ್ಬರ ಮನೋಬಲಕ್ಕೆ ಬಿಡದೆ ಇದ್ದುದರಿಂದ. ನಮ್ಮ ಮನೆಗಳಲ್ಲಿ ಹಿರಿಯರಿಗೆ ನಡುಕ ಬಂದೊಡನೆ, ಪ್ರೀತಿಯಿಂದಲೇ, ‘ನೀವು ಕೂತಿರಿ, ನಾವು ಮಾಡ್ತೀವಿ’ ಎನ್ನುತ್ತೇವೆ. ಗೋವರ್ಸ್ ಕಾಲದ ಸಲಹೆ ಇನ್ನೂ ಜೀವಂತವಾಗಿರುವುದು ಇಲ್ಲಿ. ವೈದ್ಯರ ಚೀಟಿಯಲ್ಲಿ ಮಾತ್ರೆಯ ಹೆಸರಿನ ಕೆಳಗೆ ವ್ಯಾಯಾಮದ ಬಗೆ, ಬಿರುಸು, ವಾರಕ್ಕೆ ಎಷ್ಟು ದಿನ ಎಂಬುದೂ ಇರಬೇಕು. ಅದನ್ನು ಕಲಿಸುವ ಫಿಸಿಯೋಥೆರಪಿಸ್ಟ್ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಬೇಕು. ಮನೆಯವರು ರೋಗಿಯ ಬದಲು ನಡೆಯುವುದನ್ನು ಬಿಟ್ಟು, ಅವರ ಜೊತೆಗೆ ನಡೆಯಬೇಕು.