ಬರ್ನೆಲ್ಲನ ಭೂತಕಥಾಸಂಗ್ರಹವೂ ಕಲ್ಕುಡನ ಪಾಡ್ದನವೂ

ತಂಜಾವೂರು ಅರಮನೆಯ ಸಂಸ್ಕೃತ ಹಸ್ತಪ್ರತಿಗಳಿಗೆ 1880ರಲ್ಲಿ ಸೂಚಿಯನ್ನು ಪ್ರಕಟಿಸಿದ ಆರ್ಥರ್ ಕೋಕ್ ಬರ್ನೆಲ್ಲನ ಹೆಸರು ವಿದ್ವಾಂಸರಿಗೆ ಪರಿಚಿತವೇ ಆಗಿದೆ. ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ಈ ಗ್ರಂಥಪ್ರಿಯನು ತುಳುನಾಡಿನ ಭಯಾನಕವಾದ ಭೂತಕಥೆಗಳನ್ನೂ ಅಷ್ಟೇ ಆಸ್ಥೆಯಿಂದ ಕೂಡಿಸಿದನು. 1882ರಲ್ಲಿ ಅವನು ಗತಿಸಿದ ಮೇಲೆ, ಅವು ಟೆಂಪಲ್ಲನ ಸಂಪಾದಕತ್ವದಲ್ಲಿ 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಬೆಳಕು ಕಂಡವು. ಇದಕ್ಕೆ ಮೊದಲೇ, 1886ರಲ್ಲಿ, ಬಾಸೆಲ್ ಮಿಶನ್ನಿನ ಮ್ಯಾನರನು ತುಳು ಪಾಡ್ದನಗಳನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದನು.

ಈ ಕಥೆಗಳಲ್ಲಿ ಕಲ್ಕುಡನದು ಅತಿ ದಾರುಣವಾದುದು. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಬೇರೆಡೆ ಅಂಥದನ್ನು ನಿರ್ಮಿಸಬಾರದೆಂದು ಅರಸನು ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದನಂತೆ. ಅವನು ಬೆಳ್ತಂಗಡಿ ಸೀಮೆಯ ವೇಣೂರಿಗೆ ಬಂದು, ಒಂದೇ ಕೈಯಿಂದ ಮತ್ತೊಬ್ಬ ಗೊಮ್ಮಟನನ್ನು ಕಡೆದನು. ಬಳಿಕ ಅಣ್ಣತಂಗಿಯರು ಮಾಯವಾಗಿ, ಭೂತಗಳಾಗಿ ಆ ಅರಸನನ್ನು ಕಾಡಿದರು.

ಕಾಲಗಣನೆ ಇದನ್ನು ಒಪ್ಪದು. ಕಾರ್ಕಳದ ಪ್ರತಿಷ್ಠೆ 1432ರದು, ವೇಣೂರಿನದು 1604ರದು; ನಡುವೆ 172 ವರ್ಷ! ಆದರೂ ಕಥೆಯನ್ನು ತಳ್ಳಿಹಾಕುವುದು ನಮಗೆ ಉಚಿತವೆಂದು ತೋರುವುದಿಲ್ಲ. ಮೂಡಬಿದಿರೆಯ ಸಾವಿರ ಕಂಬದ ಬಸದಿಯೂ 1430ರ ಸುಮಾರಿನದು. ಅರಸರೂ ಶ್ರೇಷ್ಠಿಗಳೂ ಕಲ್ಲಿನಲ್ಲಿ ಕೀರ್ತಿಯನ್ನು ಅರಸುತ್ತಿದ್ದ ಆ ಕಾಲದಲ್ಲಿ ಒಳ್ಳೆಯ ಶಿಲ್ಪಿಗಾಗಿ ಪೈಪೋಟಿ ನಡೆದಿರುವುದು ಅಸಂಭವವೇನಲ್ಲ. ಶಾಸನಗಳು ಕಾಪಾಡಿರುವುದು ಕೆತ್ತಿಸಿದವರ ಹೆಸರನ್ನು. ಕೆತ್ತಿದವನ ಪಾಡನ್ನು ನೆನಪಿನಲ್ಲಿಟ್ಟವರು ಪಾಡ್ದನ ಹಾಡುವವರು.

ಬರ್ನೆಲ್ಲನ ಸಂಗ್ರಹಕ್ಕೆ ‘ತುಳುವರ ಪಿಶಾಚಾರಾಧನೆ’ ಎಂಬರ್ಥದ ಶೀರ್ಷಿಕೆಯಿದೆ. ಈ ಹೆಸರು ಇಲ್ಲಿ ಸಲ್ಲದು. ಕೇಳುವವನು ನಡುಗುವುದು ಭೂತಕ್ಕಲ್ಲ, ಅರಸನ ಕತ್ತಿಗೆ. ಬಂಟವಾಳ ತಾಲೂಕಿನ ಪಣೋಲಿಬೈಲಿನಲ್ಲಿ ಕಲ್ಲುರ್ಟಿ-ಕಲ್ಕುಡರಿಗೆ ಜನರು ಇಂದಿಗೂ ಅಗೆಲು ಬಡಿಸುತ್ತಾರೆ.